ತಹಿ, ರುಅ, ತೊರು: ಮನೆ ಮೆಟ್ಟಿಲಿನಿಂದ ಶುರುವಾದ ಲೆಕ್ಕ

ನಮ್ಮ ಮನೆಯ ಮುಂದೆ ಏಳು ಮೆಟ್ಟಿಲುಗಳಿವೆ. ಮೂರೂವರೆ ವರ್ಷದ ಮಗಳು ಶಿಶುವಿಹಾರದಿಂದ ಬಂದವಳೇ ಅವನ್ನು ಎಣಿಸುತ್ತಾ ಹತ್ತುತ್ತಾಳೆ. ಹೋದ ವರ್ಷ ತಿಪಟೂರಿನಿಂದ ನಮ್ಮತ್ತೆ ಮೂರು ತಿಂಗಳು ಇರೋದಕ್ಕೆ ಅಂತ ಬಂದಿದ್ದರು. ಬಂದ ಎರಡನೇ ದಿನ ಮೊಮ್ಮಗಳ ಕೈ ಹಿಡಿದು ಅವರೂ ಮೆಟ್ಟಿಲು ಹತ್ತಿದರು. ಅವರು ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದರೆ ಇವಳು ತಹಿ, ರುಅ, ತೊರು, ಫಾ, ರಿಮ, ಒನೊ ಅಂತ ಜೋರಾಗಿ ಕೂಗುತ್ತಿದ್ದಳು. ಕೊನೆಯ ಮೆಟ್ಟಿಲಿಗೆ ಇಬ್ಬರೂ ಒಟ್ಟಿಗೆ ಕಾಲಿಟ್ಟರು. ಅತ್ತೆ "ಏಳು" ಅಂದರು, ಇವಳು "ಫಿತು" ಅಂದಳು.

"ಇದು ಇಂಗ್ಲಿಷ್ ಅಲ್ವಲ್ಲ, ಯಾವ ಭಾಷೆನಮ್ಮಾ?" ಅಂತ ಅತ್ತೆ ನನ್ನ ಕಡೆ ತಿರುಗಿದರು.

"ಮಾವೋರಿ ಅತ್ತೆ. ಈ ದೇಶದ ಮೂಲ ಜನರ ಭಾಷೆ."

"ಹೌದಾ? ಹಾಗಾದ್ರೆ ಇಪ್ಪತ್ತಕ್ಕೆ ಏನಂತಾರೆ?"

ನನಗೆ ಗೊತ್ತಿರಲಿಲ್ಲ. ನ್ಯೂಜಿಲೆಂಡಿನ ಈ ಪಾಮರ್‌ಸ್ಟನ್ ನಾರ್ತ್ ಊರಿಗೆ ಬಂದು ಆಗಲೇ ಆರು ವರ್ಷ ಆಗಿತ್ತು. ಹತ್ತರವರೆಗಿನ ಪದಗಳು ಮಗಳ ಬಾಯಿಂದ ಕಿವಿಗೆ ಬಿದ್ದಿದ್ದವು, ಅಷ್ಟೇ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬೆಂಗಳೂರಿಗೆ ಬಂದು ಹತ್ತು ವರ್ಷ ಆದರೂ ಕನ್ನಡದಲ್ಲಿ ಎಣಿಸಲು ಬಾರದವರನ್ನು ನೋಡಿ ನನಗೆ ಎಷ್ಟೋ ಸಲ ಬೇಸರ ಆಗಿದೆ. ಇಲ್ಲಿ ನಾನೂ ಅದನ್ನೇ ಮಾಡುತ್ತಿದ್ದೇನೆ ಅನ್ನಿಸಿತು. ಮರುದಿನವೇ ಬುಧವಾರದ ಸಂಜೆ ಕ್ಲಾಸಿಗೆ ಹೆಸರು ಕೊಟ್ಟೆ.

ಈ ಭಾಷೆ ಇವತ್ತು ಶಿಶುವಿಹಾರದ ಮಕ್ಕಳ ಬಾಯಲ್ಲಿ ಇರುವುದು ಸುಮ್ನೆ ಬಂದಿದ್ದಲ್ಲ. ಒಂದು ಕಾಲದಲ್ಲಿ ಶಾಲೆಯಲ್ಲಿ ಮಾವೋರಿ ಮಾತಾಡಿದರೆ ಮಕ್ಕಳಿಗೆ ಏಟು ಬೀಳುತ್ತಿತ್ತು. 1972ರ ಸೆಪ್ಟೆಂಬರ್ 14ರಂದು, ಈ ಭಾಷೆಯನ್ನು ಶಾಲೆಗಳಲ್ಲಿ ಕಲಿಸಬೇಕು ಅಂತ 30,000ಕ್ಕೂ ಜಾಸ್ತಿ ಜನ ಸಹಿ ಹಾಕಿದ ಮನವಿಯನ್ನು ಸಂಸತ್ತಿಗೆ ಒಯ್ದು ಕೊಟ್ಟರು. 1982ರಲ್ಲಿ ಕೋಹಙ ರೆಒ ಶುರುವಾಯಿತು. ಹಾಗಂದರೆ ಭಾಷೆಯ ಗೂಡು. ಅಜ್ಜ ಅಜ್ಜಿಯರು ಎಳೆಯ ಮಕ್ಕಳ ಜೊತೆ ಬರೀ ಮಾವೋರಿಯಲ್ಲೇ ಮಾತಾಡುತ್ತಾ ಅವರನ್ನು ಬೆಳೆಸುವ ಜಾಗ ಅದು. 1987ರಲ್ಲಿ ಮಾವೋರಿ ದೇಶದ ಅಧಿಕೃತ ಭಾಷೆಯಾಯಿತು. ಮಗಳು ಹೋಗುವುದು ಸಾಮಾನ್ಯ ಇಂಗ್ಲಿಷ್ ಶಿಶುವಿಹಾರಕ್ಕೆ, ಆದರೂ ಅಲ್ಲಿ ಅಂಕಿ, ಬಣ್ಣ, ನಮಸ್ಕಾರ ಎಲ್ಲ ಮಾವೋರಿಯಲ್ಲೂ ಕಲಿಸುತ್ತಾರೆ.

ನಮಗೆ ಕಲಿಸುವವರು ಅರವತ್ತು ದಾಟಿದ ಹೆಂಗಸು. ಅವರನ್ನು ನಾವೆಲ್ಲ 'ಫಎಅ' ಅಂತ ಕರೆಯುತ್ತೇವೆ. ತಾಯಿ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲ ಸೇರಿದ ಪದ ಅದು. ಹೆಸರು ಹಿಡಿದು ಕರೆಯದೆ ಸಂಬಂಧ ಹಚ್ಚಿ ಕರೆಯೋದು ನನಗೆ ಮೊದಲ ದಿನವೇ ಹಿತವಾಯಿತು. ಮೇಜಿನ ಮೇಲೆ ಒಂದು ಡಬ್ಬಿ ತುಂಬ ಬಣ್ಣ ಬಣ್ಣದ ಪುಟ್ಟ ಕೋಲುಗಳು. ಇದು ತೆ ಆತಾರಙಿ ಅನ್ನುವ ಕಲಿಕೆಯ ರೀತಿ. 1970ರ ದಶಕದ ಕೊನೆಯಲ್ಲಿ ಕಾತೆರಿನಾ ಮತೈರಾ ಮತ್ತು ಙೊಯಿ ಪೇಫೈರಙಿ ಎಂಬ ಇಬ್ಬರು ಮಾವೋರಿ ಹೆಂಗಸರು ರೂಪಿಸಿದ್ದು. ಪುಸ್ತಕ ಇಲ್ಲ, ಇಂಗ್ಲಿಷ್ ಇಲ್ಲ. ಫಎಅ ಮೂರು ಕೋಲು ಎತ್ತಿ ಹಿಡಿದು "ಎ ಹಿಅ ಙಾ ರಾಕೌ?" ಅನ್ನುತ್ತಾರೆ, ಎಷ್ಟು ಕೋಲು ಅಂತ. ನಾವು "ಎ ತೊರು" ಅನ್ನಬೇಕು. ಗೊತ್ತಾಗದಿದ್ದರೆ ಕಾಯುತ್ತಾರೆ. ಪಕ್ಕದವರು ಹೇಳಿಕೊಡುವಂತಿಲ್ಲ. ಆ ಮೌನದಲ್ಲಿ ಮೊದಮೊದಲು ಬೆವರು ಬರುತ್ತಿತ್ತು, ಆಮೇಲೆ ಆ ಹೊತ್ತೇ ನನಗೆ ಇಷ್ಟವಾಗತೊಡಗಿತು, ಯಾಕೆಂದರೆ ಪದ ತಾನಾಗೇ ಮೇಲೆ ಬರುವುದು ಅಲ್ಲೇ.

ಉಚ್ಚಾರಣೆಯಲ್ಲಿ ಕನ್ನಡದವರಿಗೆ ತುಂಬಾ ಅನುಕೂಲ ಇದೆ. ಮಾವೋರಿಯಲ್ಲಿ ಐದು ಸ್ವರ, ಐದಕ್ಕೂ ಹ್ರಸ್ವ ದೀರ್ಘ ಇದೆ. ಎ ಏ, ಒ ಓ ಕೂಡ ಬೇರೆ ಬೇರೆ. 'ಕೆಕೆ' ಅಂದರೆ ಕೇಕು, 'ಕೇಕೇ' ಅಂದರೆ ಕಂಕುಳು. 'ತಙತ' ಅಂದರೆ ಒಬ್ಬ ಮನುಷ್ಯ, 'ತಾಙತ' ಅಂದರೆ ಮನುಷ್ಯರು. ಇಂಗ್ಲಿಷ್ ಮಾತಾಡಿ ಬೆಳೆದ ಗೆಳೆಯರು ಇದಕ್ಕೆ ವಾರಗಟ್ಟಲೆ ಒದ್ದಾಡಿದರು. ಕರು ಮತ್ತು ಕಾರು ಒಂದೇ ಅಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ. ಅವರ ರ ನಮ್ಮ ರ ಥರವೇ ನಾಲಿಗೆ ಒಮ್ಮೆ ತಾಗಿ ಬಿಡುವ ರ. ತಹಿಯ ತ ಕೂಡ ಇಂಗ್ಲಿಷಿನ ಟ ಗಿಂತ ನಮ್ಮ ತ ಕ್ಕೆ ಹತ್ತಿರ. ಇನ್ನು ಙ! ವರ್ಣಮಾಲೆಯಲ್ಲಿ ಕ ಖ ಗ ಘ ಙ ಅಂತ ಬಾಯಿಪಾಠ ಮಾಡಿದ ಮೇಲೆ ಆ ಅಕ್ಷರವನ್ನು ನಾನು ಒಮ್ಮೆಯೂ ಬರೆದದ್ದು ನೆನಪಿಲ್ಲ. ಇಲ್ಲಿ ಪದಗಳು ಅದರಿಂದಲೇ ಶುರುವಾಗುತ್ತವೆ. ನನ್ನ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಈಗ ಙ ಇದೆ. ಅದನ್ನು ಬರೆಯುವಾಗೆಲ್ಲ ಒಂದನೇ ಕ್ಲಾಸಿನ ಸ್ಲೇಟು ನೆನಪಾಗುತ್ತದೆ.

ತೊಡಕು ಬಂದಿದ್ದು ಇನ್ನೊಂದು ಕಡೆ. ನಾನು ರುಅ ಅನ್ನುವ ಬದಲು 'ರುವ' ಅನ್ನುತ್ತಿದ್ದೆ. ಫಎಅ ನಗದೆ, ಬೈಯದೆ, ಮತ್ತೆ ಮತ್ತೆ ರು... ಅ ಅಂತ ಬಿಡಿಸಿ ಹೇಳಿದರು. ಎರಡು ಸ್ವರ ಪಕ್ಕಪಕ್ಕ ಬಂದರೆ ನಡುವೆ ಯ ಅಥವಾ ವ ಸೇರಿಸುವುದು ನಮ್ಮ ರಕ್ತದಲ್ಲೇ ಇದೆ. ಹೈಸ್ಕೂಲಿನಲ್ಲಿ ಯಕಾರಾಗಮ, ವಕಾರಾಗಮ ಅಂತ ಪರೀಕ್ಷೆಗೆ ಓದಿ ಮರೆತಿದ್ದೆ. ಅದು ವ್ಯಾಕರಣ ಪುಸ್ತಕದಲ್ಲಿ ಮಾತ್ರ ಅಲ್ಲ, ನನ್ನ ನಾಲಿಗೆಯಲ್ಲೇ ಕೂತಿದೆ ಅಂತ ಗೊತ್ತಾಗಿದ್ದು ಮಾವೋರಿ ಎರಡನ್ನು ಹೇಳಲು ಹೋದಾಗ. ಇನ್ನೊಂದು ನೆಂಟಸ್ತಿಕೆಯೂ ಕಂಡಿತು. ಮಾವೋರಿ ಪದಗಳೆಲ್ಲ ಸ್ವರದಲ್ಲೇ ಮುಗಿಯಬೇಕು. ಹಾಗಾಗಿ ಇಂಗ್ಲಿಷಿನ ಬಸ್ ಅಲ್ಲಿ 'ಪಹಿ' ಆಗಿದೆ, ಪೆನ್ 'ಪೆನೆ' ಆಗಿದೆ, ಮಿಲಿಯನ್ 'ಮಿರಿಒನ' ಆಗಿದೆ. ನಾವು ಬಸ್ಸು, ಪೆನ್ನು ಮಾಡಿಕೊಂಡ ಹಾಗೆ.

ಹತ್ತಕ್ಕೆ ತೆಕೌ. ಏಳರ ನಂತರ ವರು, ಇವ, ತೆಕೌ. ಹನ್ನೊಂದಕ್ಕೆ 'ತೆಕೌ ಮಾ ತಹಿ', ಹತ್ತರ ಜೊತೆ ಒಂದು. ಅತ್ತೆ ಕೇಳಿದ ಇಪ್ಪತ್ತಕ್ಕೆ 'ರುಅ ತೆಕೌ', ಎರಡು ಹತ್ತು. ಇಪ್ಪತ್ತೊಂದಕ್ಕೆ 'ರುಅ ತೆಕೌ ಮಾ ತಹಿ'. ಇಷ್ಟೇ, 99ರ ತನಕ ಹೀಗೇ ಹೋಗಬಹುದು. ಹಿಂದಿಯಲ್ಲಿ ಉನತೀಸ್, ಉನತಾಲೀಸ್, ಉನಹತ್ತರ್ ಅಂತ ಒಂದೊಂದನ್ನೂ ಬೇರೆಯಾಗಿ ಉರು ಹೊಡೆದ ನನಗೆ ಇದು ಎಷ್ಟು ಸಲೀಸು ಅನ್ನಿಸಿತು ಅಂದರೆ ಅದೇ ರಾತ್ರಿ ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮದೂ ಹಂಗೇ ಅಲ್ವೇನಮ್ಮ, ಇಪ್ಪತ್ತು ಅಂದ್ರೂ ಎರಡು ಹತ್ತೇ ತಾನೆ" ಅಂದರು.

ಹೌದು. ನಲವತ್ತು ವರ್ಷ ಹೇಳಿಕೊಂಡು ಬಂದ ಪದವನ್ನು ನಾನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಇರ್ ಮತ್ತು ಪತ್ತು ಸೇರಿ ಇಪ್ಪತ್ತು. ಇಬ್ಬರು, ಇಮ್ಮಡಿ ಅನ್ನುವಲ್ಲಿ ಇರುವ ಅದೇ ಇರ್. ಹಳಗನ್ನಡದಲ್ಲಿ ಹತ್ತಕ್ಕೆ ಪತ್ತು ಅನ್ನುತ್ತಿದ್ದರು. ತಮಿಳಿನಲ್ಲಿ ಈಗಲೂ ಪತ್ತು, ತೆಲುಗಿನಲ್ಲಿ ಪದಿ. ಕನ್ನಡದಲ್ಲಿ ಮಾತ್ರ ಪದದ ಮೊದಲಿನ ಪ ನಿಧಾನಕ್ಕೆ ಹ ಆಯಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪತ್ತು ಹತ್ತಾಯಿತು. ಆದರೆ ಇಪ್ಪತ್ತು, ಎಪ್ಪತ್ತರಲ್ಲಿ ಒತ್ತಕ್ಷರದ ಒಳಗೆ ಆ ಹಳೆಯ ಪ ಹಾಗೇ ಉಳಿದುಕೊಂಡಿದೆ. ಐವತ್ತರಲ್ಲಿ ವ ಆಗಿ, ಎಂಬತ್ತರಲ್ಲಿ ಬ ಆಗಿ ಉಳಿದಿದೆ. ಒಂಬತ್ತರಲ್ಲೂ ಇದೆ. ಹತ್ತಕ್ಕೆ ಒಂದು ಕಡಿಮೆ ಅನ್ನುವ ಲೆಕ್ಕ ಅದರದು. ದಿನಾ ತರಕಾರಿ ಅಂಗಡಿಯಲ್ಲಿ ಹೇಳುವ ಪದಗಳ ಒಳಗೆ ಸಾವಿರ ವರ್ಷದ ಹಿಂದಿನ ಕನ್ನಡ ಉಸಿರಾಡುತ್ತಿದೆ.

ಇದೇ ಪ ಮತ್ತೆ ಎದುರಾಗಿದ್ದು ನನ್ನ ಕೆಲಸದ ಜಾಗದ ಊಟದ ಕೋಣೆಯಲ್ಲಿ. ನಾನು ಟಿಫನ್ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಮಾವೋರಿ ಅಂಕಿಗಳನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಎದುರಿಗೆ ಕೂತಿದ್ದ ಸಮೋವಾ ದ್ವೀಪದ ಗೆಳತಿ, ನಮ್ಮದೂ ಹೆಚ್ಚುಕಮ್ಮಿ ಅದೇ ಅಂತ ಶುರು ಮಾಡಿದಳು. ತಸಿ, ಲುಅ, ತೊಲು, ಫಾ, ಲಿಮ, ಒನೊ, ಫಿತು, ವಲು, ಇವ. ಪಕ್ಕದ ಮೇಜಿನಿಂದ ಫಿಲಿಪೀನ್ಸಿನ ಗೆಳತಿ ಕುರ್ಚಿ ಎಳೆದುಕೊಂಡು ಬಂದಳು. "ಏನಂದೆ, ಲಿಮ? ನಮ್ಮಲ್ಲೂ ಐದಕ್ಕೆ ಲಿಮ!" ಅವಳ ತಗಾಲೊಗ್‌ನಲ್ಲಿ ಇಸ, ದಲಾವ, ತತ್ಲೊ, ಆಪತ್, ಲಿಮ, ಆನಿಮ್, ಪಿತೊ, ವಲೊ, ಸಿಯಮ್. ಟಿಶ್ಯೂ ಕಾಗದದ ಮೇಲೆ ಮೂರನ್ನೂ ಸಾಲಾಗಿ ಬರೆದೆವು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ.

ಏಳನ್ನು ಮಾತ್ರ ನೋಡಿ. ಫಿಲಿಪೀನ್ಸಿನಲ್ಲಿ ಪಿತೊ, ಸಮೋವಾದಲ್ಲಿ ಫಿತು, ಇಲ್ಲಿಯೂ ಫಿತು. ಪೂರ್ವಕ್ಕೆ ಈಸ್ಟರ್ ದ್ವೀಪಕ್ಕೆ ಹೋದರೆ ಹಿತು, ಉತ್ತರಕ್ಕೆ ಹವಾಯಿಗೆ ಹೋದರೆ ಹಿಕು. ಪ ಇದ್ದದ್ದು ಫ ಆಗಿ, ಕೆಲವು ಕಡೆ ಹ ಆಗಿದೆ. ಹತ್ತಕ್ಕೆ ಮಾವೋರಿಯಲ್ಲಿ ಇನ್ನೊಂದು ಹಳೆಯ ಪದ ಇದೆ, 'ಙಹುರು'. ಸುಗ್ಗಿಯ ಕಾಲಕ್ಕೂ ಅದೇ ಹೆಸರು. ಅದೇ ಪದ ಸಮೋವಾದಲ್ಲಿ 'ಸೆಫುಲು', ಮಲಯದಲ್ಲಿ 'ಸೆಪುಲುಹ್'. ಅಂದರೆ ಅವರ ಹತ್ತಿನಲ್ಲೂ ಪ ಹೋಗಿ ಹ ಬಂದಿದೆ, ನಮ್ಮ ಹತ್ತಿನಲ್ಲೂ ಪ ಹೋಗಿ ಹ ಬಂದಿದೆ! ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ತುಟಿ ಮುಚ್ಚಿ ಹೇಳಬೇಕಾದದ್ದು ಸಡಿಲವಾಗಿ ಬರೀ ಉಸಿರಾಗುವುದು, ಅಷ್ಟೇ. ಮನುಷ್ಯರ ಬಾಯಿ ಎಲ್ಲ ಕಡೆಯೂ ಒಂದೇ ಥರದ್ದಲ್ವಾ.

ಈ ಭಾಷೆಗಳೆಲ್ಲ ಒಂದೇ ಮನೆತನದವು. ತೈವಾನಿನ ಮೂಲ ನಿವಾಸಿಗಳ ಭಾಷೆಗಳು, ಫಿಲಿಪೀನ್ಸ್, ಮಲಯ, ಆಫ್ರಿಕಾದ ಪಕ್ಕದ ಮಡಗಾಸ್ಕರ್, ಪೆಸಿಫಿಕ್ಕಿನ ದ್ವೀಪಗಳು ಎಲ್ಲವೂ. ಸುಮಾರು 5,000 ವರ್ಷಗಳ ಹಿಂದೆ ತೈವಾನಿನಿಂದ ದೋಣಿಯಲ್ಲಿ ಹೊರಟವರ ಮಕ್ಕಳ ಮಕ್ಕಳು 13ನೇ ಶತಮಾನದ ಹೊತ್ತಿಗೆ ಇಲ್ಲಿ ಬಂದು ಇಳಿದರು. ಮಡಗಾಸ್ಕರ್‌ನಲ್ಲಿ ಏಳಕ್ಕೆ ಫಿತೊ, ಎಂಟಕ್ಕೆ ವಲೊ ಅಂತ ಓದಿದಾಗ ನಾನು ಭೂಪಟ ತೆಗೆದು ಬೆರಳಿಟ್ಟು ನೋಡಿದೆ. ನಡುವೆ ಇಡೀ ಹಿಂದೂ ಮಹಾಸಾಗರ ಇದೆ. 1769ರಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಕುಕ್ ಇಲ್ಲಿಗೆ ಬಂದಾಗ ಹಡಗಿನಲ್ಲಿ ತುಪಾಯಿಅ ಅನ್ನುವ ತಾಹಿತಿ ದ್ವೀಪದ ಕಡೆಯ ಅರ್ಚಕ, ನಾವಿಕ ಇದ್ದ. ಎಂದೂ ನೋಡದ ಮಾವೋರಿ ಜನರ ಜೊತೆ ಅವನು ತನ್ನ ಭಾಷೆಯಲ್ಲೇ ಮಾತಾಡಿದ, ಅವರಿಗೆ ಅರ್ಥವಾಯಿತು. ಅದೇ ಹಡಗಿನಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ತಾಹಿತಿ, ಜಾವಾ, ಮಡಗಾಸ್ಕರ್ ಅಂಕಿಗಳನ್ನು ತನ್ನ ದಿನಚರಿಯಲ್ಲಿ ಪಕ್ಕಪಕ್ಕ ಬರೆದಿಟ್ಟ. ನಾವು ಟಿಶ್ಯೂ ಕಾಗದದ ಮೇಲೆ ಮಾಡಿದ್ದೂ ಅದೇ ಕೆಲಸ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ರುಅ ಅಂದರೆ ತೆಲುಗಿನ ರೆಂಡು, ತುಳುವಿನ ರಡ್ಡ್ ಇರಬಹುದಾ? ಮಲಯದಲ್ಲಿ ಎರಡಕ್ಕೆ 'ದುಅ', ಸಂಸ್ಕೃತದಲ್ಲಿ ದ್ವಿ. ತೊರು ಅಂದರೆ ತ್ರಿ ಇರಬಹುದಾ? ಎರಡು ವಾರ ನಾನು ಇದನ್ನೇ ಪಟ್ಟಿ ಮಾಡಿದೆ. ಫಎಅಗೆ ತೋರಿಸಿದೆ. ಅವರು ಪಟ್ಟಿಯನ್ನು ಪೂರ್ತಿ ಓದಿ, ಇದನ್ನು ಮೊದಲು ಹೊರಗಿನವರು ನಮ್ಮ ಬಗ್ಗೆ ಹೇಳಿದ್ದರು ಅಂತ ಮೆತ್ತಗೆ ಹೇಳಿದರು. 1841ರಲ್ಲಿ ಫ್ರಾಂಜ್ ಬಾಪ್ ಎಂಬ ದೊಡ್ಡ ಭಾಷಾ ವಿದ್ವಾಂಸರೇ ಈ ದ್ವೀಪಗಳ ಭಾಷೆಗಳಿಗೂ ಸಂಸ್ಕೃತದ ಮನೆತನಕ್ಕೂ ನಂಟು ಇದೆ ಅಂತ ವಾದ ಮಾಡಿದ್ದರು. 1885ರಲ್ಲಿ ಇಲ್ಲಿಯ ಎಡ್ವರ್ಡ್ ಟ್ರೆಗಿಯರ್, ಮಾವೋರಿಗಳು ಆರ್ಯರೇ ಅಂತ ಒಂದು ಪುಸ್ತಕವನ್ನೇ ಬರೆದರು. ಎರಡೂ ತಪ್ಪು ಅಂತ ಆಮೇಲೆ ತೀರ್ಮಾನ ಆಯಿತು. ಅದೇ ಟ್ರೆಗಿಯರ್ 1891ರಲ್ಲಿ ಮಾವೋರಿಯನ್ನು ಅದರ ನಿಜವಾದ ಅಕ್ಕತಂಗಿ ಭಾಷೆಗಳ ಜೊತೆ ಹೋಲಿಸುವ ದೊಡ್ಡ ನಿಘಂಟನ್ನೂ ಮಾಡಿದರು ಅನ್ನೋದನ್ನು ಹೇಳದಿದ್ದರೆ ನ್ಯಾಯ ಆಗಲ್ಲ.

ಒಂದೆರಡು ಪದ ಹೊಂದಿದರೆ ನಂಟು ಆಗುವುದಿಲ್ಲ. ಇದನ್ನು ನನಗೆ ಚೆನ್ನಾಗಿ ಮನವರಿಕೆ ಮಾಡಿದ್ದು ಫಿಜಿ ದ್ವೀಪದ ಭಾಷೆ. ಅಲ್ಲಿ 'ದುಅ' ಅಂದರೆ ಒಂದು! ಎರಡಕ್ಕೆ ರುಅ. ಕಿವಿಗೆ ಹಿತವಾಗಿ ಕೇಳಿದ ಮಾತ್ರಕ್ಕೆ ನಂಬಿದ್ದರೆ ಅಲ್ಲೇ ಮುಗ್ಗರಿಸುತ್ತಿದ್ದೆ. ಪದದ ಹಳೆಯ ರೂಪ ಏನು, ಒಂದು ಧ್ವನಿ ಬದಲಾದರೆ ಅದೇ ಧ್ವನಿ ಇರುವ ಬೇರೆ ಪದಗಳಲ್ಲೂ ಹಾಗೇ ಬದಲಾಗಿದೆಯಾ, ಇಷ್ಟನ್ನು ಕೇಳಿಕೊಳ್ಳಬೇಕು. ನಮ್ಮ ಎರಡರ ಬೇರು ಇರ್. ಅವರ ರುಅದ ಬೇರು ದುಸ ಅನ್ನುವಂಥದ್ದು, ತೈವಾನಿನ ಕೆಲವು ಭಾಷೆಗಳಲ್ಲಿ ಇವತ್ತಿಗೂ ಅದಕ್ಕೆ ಹತ್ತಿರದ ರೂಪ ಇದೆ. ಎರಡೂ ಬೇರೆ ಮರಗಳು.

ಎಲೆ ಮತ್ತು ನೂರರ ವಿಷಯದಲ್ಲೂ ಹೀಗೇ ಆಯಿತು. ಮಾವೋರಿಯಲ್ಲಿ ನೂರಕ್ಕೆ 'ರೌ', ಎಲೆಗೂ 'ರೌ'. ಮರದಲ್ಲಿ ಎಣಿಸಲಾರದಷ್ಟು ಎಲೆ ಇರೋದರಿಂದ ನೂರಕ್ಕೆ ಆ ಹೆಸರು ಬಂದಿರಬೇಕು ಅಂತ ನಾನೇ ಒಂದು ಚಂದದ ಕಥೆ ಕಟ್ಟಿಕೊಂಡಿದ್ದೆ. ಟೋಂಗಾ ದ್ವೀಪದ ಭಾಷೆ ಅದನ್ನು ಒಡೆಯಿತು. ಟೋಂಗಾದವರು ಹಳೆಯ ರ ಅನ್ನು ನುಂಗಿಬಿಟ್ಟಿದ್ದಾರೆ, ಲ ಅನ್ನು ಉಳಿಸಿಕೊಂಡಿದ್ದಾರೆ. ಅವರ ಎರಡು ಬರೀ 'ಉಅ', ಆದರೆ ಮೂರು 'ತೊಲು'. ಅವರಲ್ಲಿ ಎಲೆಗೆ 'ಲೌ', ನೂರಕ್ಕೆ 'ತೆಅಉ'. ಅಂದರೆ ಮೊದಲು ಇವೆರಡೂ ಬೇರೆ ಬೇರೆ ಪದಗಳೇ, ಮಾವೋರಿಯಲ್ಲಿ ಲ ಎಲ್ಲ ರ ಆಗಿ ಒಂದರ ಮೇಲೊಂದು ಕೂತಿವೆ. ನಮ್ಮಲ್ಲಿ ಬೆಳಗ್ಗೆ "ಏಳು, ಗಂಟೆ ಏಳಾಯ್ತು" ಅನ್ನುತ್ತೇವಲ್ಲ, ಅಂಥದ್ದೇ. ತಮಿಳಿನಲ್ಲಿ ಅಂಕಿ ಶುರುವಾಗೋದು ದೀರ್ಘ ಏ ಇಂದ, ಎದ್ದೇಳು ಅನ್ನುವ ಪದ ಹ್ರಸ್ವ ಎ ಇಂದ. ಕಥೆ ಹೋದದ್ದಕ್ಕೆ ಸ್ವಲ್ಪ ಬೇಜಾರಾಯಿತು, ನಿಜ. ಆದರೆ ಇನ್ನೊಂದು ಭಾಷೆಯ ಒಂದೇ ಒಂದು ಪದ ಅದನ್ನು ಹೀಗೆ ಬಿಡಿಸಿ ತೋರಿಸಿತಲ್ಲ, ಆ ಖುಷಿ ಅದಕ್ಕಿಂತ ದೊಡ್ಡದು.

ಧ್ವನಿಯ ನಂಟು ಸಿಗಲಿಲ್ಲ. ಆದರೆ ಲೆಕ್ಕದ ರೀತಿಯಲ್ಲಿ ಸಿಕ್ಕಿದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ಮಲಯದ ಒಂಬತ್ತು 'ಸೆಂಬಿಲಾನ್'. ಅದರ ಒಳಗೆ, ಒಂದು ತೆಗೆದದ್ದು ಅನ್ನುವ ಅರ್ಥ ಇದೆ, ಹತ್ತರಿಂದ ಒಂದು ತೆಗೆದದ್ದು. ನಮ್ಮ ಒಂಬತ್ತೂ ಹತ್ತಕ್ಕೆ ಒಂದು ಕಡಿಮೆ. ಎರಡು ಜನಾಂಗ ತಮ್ಮ ಪಾಡಿಗೆ ತಾವು ಕೂತು ಒಂದೇ ಥರ ಯೋಚಿಸಿವೆ.

ಇದಕ್ಕಿಂತ ದೊಡ್ಡದು ಏಳನೇ ವಾರದಲ್ಲಿ ಬಂತು. ಫಎಅ ಕೋಲುಗಳನ್ನು ಡಬ್ಬಿಗೆ ಹಾಕಿ ನಮ್ಮ ಮನೆಯವರ ಬಗ್ಗೆ ಕೇಳತೊಡಗಿದರು. "ತೊಕೊಹಿಅ ಆಉ ತಮರಿಕಿ?" ಮಕ್ಕಳು ಎಷ್ಟು ಅಂತ. ಪಕ್ಕದ ಗೆಳೆಯ ಕೋಲಿಗೆ ಹೇಳಿದ ಹಾಗೆಯೇ "ಎ ರುಅ" ಅಂದರು. ಫಎಅ ತಲೆಯಾಡಿಸಿ "ತೊಕೊರುಅ" ಅಂದರು. ಜನರನ್ನು ಎಣಿಸುವಾಗ ಎರಡರಿಂದ ಒಂಬತ್ತರವರೆಗಿನ ಅಂಕಿಗಳ ಮುಂದೆ 'ತೊಕೊ' ಸೇರಿಸಬೇಕು. ತೊಕೊರುಅ, ತೊಕೊತೊರು, ತೊಕೊಫಾ. ಕೋಲು, ಮನೆ, ಮೀನಿಗೆ ಬೇರೆ, ಮನುಷ್ಯರಿಗೆ ಬೇರೆ. ಗೆಳೆಯರೆಲ್ಲ ಮುಖ ಮುಖ ನೋಡಿಕೊಂಡರು. ಯಾಕೆ ಅಂತ ಅವರಿಗೆ ಹೊಳೆಯಲಿಲ್ಲ. ನನಗೆ ಮಾತ್ರ ಮೈ ಜುಮ್ಮೆಂದಿತು. ಇದು ನಮ್ಮದೇ ಅಲ್ವಾ! ಎರಡು ಕೋಲು, ಇಬ್ಬರು ಹೆಂಗಸರು. ಮೂರು ಮನೆ, ಮೂವರು ಅಣ್ಣಂದಿರು. ಎರಡು ಅಣ್ಣಂದಿರು ಅಂತ ಯಾರಾದರೂ ಅಂದರೆ ಕಿವಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಮಗು ಮಾತ್ರ ನಮ್ಮಲ್ಲಿ 'ಅದು' ಆದ್ದರಿಂದ ಮಾತಿನಲ್ಲಿ ಎರಡು ಮಕ್ಕಳು ಅನ್ನುತ್ತೇವೆ, ದೊಡ್ಡವರಾದ ಮೇಲೆ ಹಾಗೆ ಅನ್ನುವಂತಿಲ್ಲ.

ಇಂಗ್ಲಿಷ್ ಬೇಡ ಅನ್ನುವ ನಿಯಮವನ್ನು ಆ ದಿನ ಫಎಅ ಐದು ನಿಮಿಷ ಸಡಿಲ ಮಾಡಿದರು. ನಾನು ಎದ್ದು ನಿಂತು ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು ಅಂತ ಹೇಳಿದೆ. ಕ್ಲಾಸಿನವರೆಲ್ಲ ನನ್ನ ಹಿಂದೆ ಹೇಳಿದರು. ಆರಕ್ಕೆ ಬಂದಾಗ ನಿಲ್ಲಿಸಬೇಕಾಯಿತು, ಯಾಕೆಂದರೆ ನಾವು ಈಗ 'ಆರು ಜನ' ಅಂದುಬಿಡುತ್ತೇವೆ. ತೆಲುಗಿನವರು ಇನ್ನೂ ಆರುಗುರು, ಏಡುಗುರು ಅನ್ನುತ್ತಾರೆ. ನಮ್ಮ ಹಿಂದಿನವರು ಇಲ್ಲೇ ನಿಂತಿರಲಿಲ್ಲ. ಐಹೊಳೆಯ ದೊಡ್ಡ ವ್ಯಾಪಾರಿ ಸಂಘದ ಹೆಸರೇ ಅಯ್ಯಾವೊಳೆ ಐನೂರ್ವರು. ಐನೂರು ಅಲ್ಲ, ಐನೂರ್ವರು. ಐನೂರು ಮಂದಿಯನ್ನೂ ಮನುಷ್ಯರಾಗೇ ಎಣಿಸಿದ ಪದ. "ನಿಮ್ಮವರೂ ಮನುಷ್ಯರನ್ನು ವಸ್ತುಗಳ ಜೊತೆ ಸೇರಿಸಲ್ಲ ಹಾಗಾದರೆ" ಅಂದರು ಫಎಅ. ಅವರು ಅಂದದ್ದು ಅಷ್ಟೇ. ಮನೆಗೆ ಕಾರು ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಇಬ್ಬರು, ತೊಕೊರುಅ, ಮೂವರು, ತೊಕೊತೊರು ಅಂತ ಹೇಳಿಕೊಂಡು ಬಂದೆ.

ಆ ದಾರಿಯಲ್ಲೇ ಒಂದು ಫಲಕ ಇದೆ. ನಮ್ಮ ಪಕ್ಕದ ಬಡಾವಣೆಯ ಹೆಸರು ಹೊಕೊಫಿತು. ಆರು ವರ್ಷ ಆ ಹೆಸರಿನ ಕೆಳಗೆ ಓಡಾಡಿದ್ದೇನೆ. ಆವತ್ತು ಮೊದಲ ಸಲ ಅದರ ಒಳಗಿನ ಫಿತು ಕಣ್ಣಿಗೆ ಬಿತ್ತು! ಮುಂದಿನ ವಾರ ಕೇಳಿ ತಿಳಿದುಕೊಂಡೆ. ಹಿಂದೆ ಮಾವೋರಿಗಳು ಇಪ್ಪತ್ತು ಇಪ್ಪತ್ತಾಗಿಯೂ ಎಣಿಸುತ್ತಿದ್ದರು. 'ಹೊಕೊ' ಅಂದರೆ ಅಷ್ಟು ಇಪ್ಪತ್ತುಗಳು. ಹೊಕೊರುಅ ನಲವತ್ತು. ಹೊಕೊಫಿತು ಏಳು ಇಪ್ಪತ್ತು, ಅಂದರೆ 140. ಯುದ್ಧಕ್ಕೆ ಹೊರಡುವ ಒಂದು ಪಡೆಯಲ್ಲಿ ಇರುತ್ತಿದ್ದ ಮಂದಿ. ಮೊದಲ ಮಹಾಯುದ್ಧಕ್ಕೆ ಹೋದ ಮಾವೋರಿ ಪಡೆಗೂ 'ತೆ ಹೊಕೊಫಿತು ಅ ತೂ' ಅಂತ ಹೆಸರಿಟ್ಟರು, ಯುದ್ಧದ ದೇವರು ತೂನ 140 ಯೋಧರು ಅಂತ. ಊರಿನ ಹೆಸರಿನಲ್ಲಿ ಅಂಕಿ ಅಂದ ಕೂಡಲೇ ನಮ್ಮ ಶಾಸನಗಳ ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ), ಗಂಗವಾಡಿ ತೊಂಬತ್ತಾರು ಸಾಸಿರ ನೆನಪಾದವು. ಇಲ್ಲಿನ ರೊತೊರುಅ ಊರಿನಲ್ಲೂ ರುಅ ಇದೆ, ಎರಡನೇ ಸರೋವರ ಅಂತ. ಆದರೆ ಮೋಡ ಇಲ್ಲದ ದಿನ ನಮ್ಮೂರಿನಿಂದ ಕಾಣುವ ರುಅಪೆಹು ಪರ್ವತದಲ್ಲಿರುವ ರುಅ ಎರಡಲ್ಲ, ಗುಂಡಿ. ಅಷ್ಟರಲ್ಲಿ ನಾನು ವಿಚಾರಿಸದೆ ನಂಬುವುದನ್ನು ಬಿಟ್ಟಿದ್ದೆ.

ಮೀನು, ಹಕ್ಕಿ, ಗೆಣಸನ್ನು ಹಿಂದೆ ಜೋಡಿಯಾಗಿ ಎಣಿಸುತ್ತಿದ್ದರು ಅಂತ ಅತ್ತೆಗೆ ಹೇಳಿದಾಗ ಅವರು ತೆಂಗಿನಕಾಯಿಯ ಮಾತು ತೆಗೆದರು. ಅವರ ತೋಟದಲ್ಲಿ ಎರಡೂ ಕೈಯಲ್ಲಿ ಒಂದೊಂದು ಕಾಯಿ ಹಿಡಿದು ಒಟ್ಟಿಗೆ ಹಾಕುತ್ತಾರೆ, ಎರಡು ಕಾಯಿಗೆ ಒಂದು ಲೆಕ್ಕ. ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಲಾಭ, ಎರಡು, ಮೂರು. ರಾಗಿ ಅಳೆಯುವಾಗಲೂ ಹಾಗೇ. ಒಂಟಿಯಾಗಿ ಶುರು ಮಾಡಬಾರದು ಅಂತ ಅತ್ತೆಯ ವಿವರಣೆ. ಆಗ ನಾನು ತಾಹಿತಿಯ ಕಥೆ ಹೇಳಿದೆ. ಕುಕ್ ಹೋದ ಕಾಲದಲ್ಲಿ ಅಲ್ಲಿಯೂ ಎರಡಕ್ಕೆ ರುಅ, ಐದಕ್ಕೆ ರಿಮ ಇತ್ತು. ಈಗ ಎರಡಕ್ಕೆ ಪಿತಿ, ಐದಕ್ಕೆ ಪಎ. ಅರಸರ ಹೆಸರಿನಲ್ಲಿ ಬರುವ ಪದವನ್ನು ಜನ ಬಾಯಿಂದಲೇ ತೆಗೆದುಬಿಡುವ ಪದ್ಧತಿ ಅಲ್ಲಿತ್ತು. ಹೀಗೆ ಅಂಕಿಗಳೇ ಬದಲಾಗಿಹೋದವು. ಅತ್ತೆಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. ಅವರು ಮಾವನ ಹೆಸರು ಹೇಳುವುದಿಲ್ಲ. ಆ ಹೆಸರಿನಲ್ಲಿ ಸೋಮ ಇರುವುದರಿಂದ ಮದುವೆಯಾದಾಗಿನಿಂದ ಇವತ್ತಿನವರೆಗೂ ಸೋಮವಾರ ಅಂದವರಲ್ಲ, 'ಭಾನುವಾರದ ಮಾರನೇ ದಿನ' ಅನ್ನುತ್ತಾರೆ. "ದೊಡ್ಡವರ ಹೆಸರು ಹೆಂಗೆ ಹೇಳಕ್ಕಾಯ್ತದೆ" ಅಂದರು. ಭಾಷೆಯ ಪುಸ್ತಕದಲ್ಲಿ ವಿಚಿತ್ರ ಅಂತ ಓದಿದ್ದು ನನ್ನ ಅಡುಗೆಮನೆಯಲ್ಲೇ ಅವರೆಕಾಳು ಬಿಡಿಸುತ್ತಾ ಕೂತಿತ್ತು.

ಅತ್ತೆ ಹೊರಟ ದಿನ ವಿಮಾನ ನಿಲ್ದಾಣಕ್ಕೆ ನಾವೆಲ್ಲ ಹೋದೆವು. ಗಾಡಿಯಿಂದ ಇಳಿಸಿದ ಚೀಲಗಳನ್ನು ಅತ್ತೆ ಮುಟ್ಟಿ ಮುಟ್ಟಿ ನೋಡಿದರು. ಲಾಭ, ಎರಡು, ಮೂರು. ಮಗಳೂ ಮುಟ್ಟಿದಳು. ತಹಿ, ರುಅ, ತೊರು. ಆಮೇಲೆ ಅದೇ ಭರದಲ್ಲಿ ನಮ್ಮನ್ನೂ ಒಬ್ಬೊಬ್ಬರನ್ನಾಗಿ ಮುಟ್ಟುತ್ತಾ ಬಂದಳು, ಅಜ್ಜಿ, ಅಪ್ಪ, ನಾನು, ಕೊನೆಗೆ ತನ್ನ ಎದೆ. "ಫಾ!"

"ಜನರಿಗೆ ತೊಕೊಫಾ ಅನ್ಬೇಕು ಪುಟ್ಟಿ" ಅಂದೆ.

ಅತ್ತೆ ಬಗ್ಗಿ ಅವಳ ಕೆನ್ನೆ ಹಿಡಿದರು. "ನಾಲ್ವರು ಅನ್ನವ್ವ" ಅಂದರು. ಅವಳು ಎರಡನ್ನೂ ಹೇಳಿದಳು.